ಎದುರಿನ ಗುಡ್ಡ ಯಾರಿಗೂ ಕಾಣಲಿಲ್ಲವೇ?

ಬಳ್ಳಾರಿಯ ಕೋಟೆ ಗುಡ್ಡವನ್ನು ನೀವು ಹತ್ತಿದ್ದೀರಾ? ಇಲ್ಲವಾದರೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹತ್ತಿ ಬನ್ನಿ. ಬಿಸಿಲೇರುವ ಮೊದಲೇ ಹೊರಡಿ. ನಮ್ಮ ಬಂಡೆಗಳು ಕಾದರೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಕೆಳಕೋಟೆಯನ್ನು ದಾಟಿ, ಬಂಡೆಗಳ ನಡುವಿನ ದಾರಿ ಹಿಡಿದು, ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಮೇಲುಕೋಟೆಯನ್ನು ಸೇರಿ ಸುಧಾರಿಸಿಕೊಳ್ಳುವಷ್ಟರಲ್ಲಿ, ಯಾರಾದರೊಬ್ಬರು ಎದುರಿನ ಕುಂಬಾರ ಗುಡ್ಡಕ್ಕೆ ಕೈ ತೋರಿಸಿ ಆ ಕಥೆಯನ್ನು ಹೇಳಿಯೇ ಹೇಳುತ್ತಾರೆ.

ಹೈದರಾಲಿ ಈ ಕೋಟೆಯನ್ನು ಗೆದ್ದುಕೊಂಡು, ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಅದನ್ನು ಬಲಪಡಿಸಿ, ಕೆಳಕೋಟೆಯನ್ನು ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ, ಕುಂಬಾರ ಗುಡ್ಡ ಕೋಟೆಗಿಂತ ಎತ್ತರ, ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಉಳಿಯದು ಎಂಬುದು ತಿಳಿಯಿತಂತೆ. ಸಿಟ್ಟಿಗೆದ್ದ ನವಾಬ ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದ. ಪೂರ್ವ ಬಾಗಿಲ ಬಳಿಯ ಸಮಾಧಿ ಅವನದೇ ಎನ್ನುವವರಿದ್ದಾರೆ. ಅಲ್ಲ, ಮುಸ್ಲಿಂ ಸಂತರೊಬ್ಬರದು ಎನ್ನುವವರೂ ಇದ್ದಾರೆ. ಕಥೆಯಲ್ಲಿ ಪಾಪ, ಅವನಿಗೊಂದು ಹೆಸರೂ ಇಲ್ಲ.

ನಾವು ಇದನ್ನು ನಗುತ್ತಲೇ ಹೇಳುತ್ತೇವೆ. ಅಷ್ಟು ದೊಡ್ಡ ಗುಡ್ಡ ಕಾಣಲಿಲ್ಲವೇ ಎಂದು ಕೇಳುತ್ತೇವೆ. ಪ್ರಶ್ನೆ ಸರಿ. ಆದರೆ ಅವನೊಬ್ಬನನ್ನೇ ಏಕೆ ಕೇಳಬೇಕು? ಜಾಗ ಅವನು ಆರಿಸಿದ್ದಲ್ಲ. ಮೇಲುಕೋಟೆ ಅವನು ಬರುವ ಮೊದಲೇ ಇತ್ತು. ಕಲ್ಲು ಹೊತ್ತವರು, ಮೇಸ್ತ್ರಿಗಳು, ಕಾವಲಿನವರು, ಸ್ವತಃ ನವಾಬ, ಇವರಿಗೆಲ್ಲ ಕಣ್ಣಿರಲಿಲ್ಲವೇ? ಆ ಗುಡ್ಡವೋ, ಒಂದು ದಿಕ್ಕಿನಿಂದ ಮನುಷ್ಯನ ಮುಖದಂತೆ ಕಾಣುವುದರಿಂದ ಇಂಗ್ಲಿಷರು ಅದನ್ನು ‘ಫೇಸ್ ಹಿಲ್’ ಎಂದೇ ಕರೆದರು! ಯಾರೋ ಕಂಡೇ ಇರಬೇಕು. ತಪ್ಪಿಗೆ ನೇಣೇ ಶಿಕ್ಷೆಯಾದ ಕಡೆ ಬಾಯಿ ಬಿಡುವವರು ಯಾರು?

ಇನ್ನೊಂದು ಮಾತು. ಮುಂದೆ ಬಳ್ಳಾರಿ ಕೈಬಿಟ್ಟುಹೋದದ್ದು ಕುಂಬಾರ ಗುಡ್ಡದ ಫಿರಂಗಿಯಿಂದಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅದನ್ನು ನಿಜಾಮನಿಗೆ ಬಿಟ್ಟುಕೊಡಬೇಕಾಯಿತು. 1800ರಲ್ಲಿ ನಿಜಾಮ ಕಂಪನಿಗೆ ಕೊಟ್ಟ. ಎರಡೂ ಸಲ ಕಾಗದದ ಮೇಲೆ.

ನಮ್ಮ ಮನೆಗಳನ್ನು ನೋಡಿ. ಮಗಳ ಸಂಸಾರ ಕೆಟ್ಟರೆ ಸಂಬಂಧ ತಂದ ಸೋದರಮಾವ ಮನೆಗೆ ಬರುವಂತಿಲ್ಲ. ಹುಡುಗನನ್ನು ಎಲ್ಲರೂ ನೋಡಿದ್ದೆವು, ನಿಶ್ಚಿತಾರ್ಥದ ಊಟವನ್ನೂ ಉಂಡಿದ್ದೆವು. ಕೊಳವೆಬಾವಿಯಲ್ಲಿ ನೀರು ಬೀಳದಿದ್ದರೆ ಜಾಗ ತೋರಿಸಿದವನಿಗೆ ಬೈಗುಳ. ಒಬ್ಬನ ತಲೆಗೆ ಕಟ್ಟಿದರೆ ಉಳಿದವರಿಗೆ ನಿದ್ದೆ ಬರುತ್ತದೆ.

ಹಾಗಾದರೆ ಎಂಜಿನಿಯರನ ತಪ್ಪೇ ಇಲ್ಲವೇ? ಇದೆ. ಬಲ್ಲವನೆಂದೇ ಅವನನ್ನು ನೇಮಿಸಿದ್ದು. ಬಲ್ಲವನ ಹೊಣೆ ಹೆಚ್ಚು. ಅವನನ್ನು ಕರೆದು ಕೇಳಬೇಕಿತ್ತು, ಬೈಯಬೇಕಿತ್ತು, ಕೂಲಿಯನ್ನೂ ಹಿಡಿಯಬಹುದಿತ್ತು. ಆದರೆ ಅವನನ್ನು ಕೊಂದದ್ದರಿಂದ ಕುಂಬಾರ ಗುಡ್ಡ ಒಂದು ಅಂಗುಲವೂ ತಗ್ಗಲಿಲ್ಲ. ಆ ಗುಡ್ಡದ ಮೇಲೂ ಒಂದು ಕೊತ್ತಲ ಎಬ್ಬಿಸಬೇಕಾದರೆ ಎಲ್ಲಿ, ಹೇಗೆ ಎಂದು ಅಂದು ಊರಿನಲ್ಲೆಲ್ಲ ಚೆನ್ನಾಗಿ ಹೇಳಬಲ್ಲವನು ಅವನೇ ಆಗಿದ್ದಿರಬೇಕು.