ಕಾಲೇಜು ಮಕ್ಕಳಿಗಾಗಿ ಪ್ರಾರ್ಥಿಸುವ ಹಕ್ಕು

ಇವತ್ತಿನ ವಾಕ್ಯಭಾಗ ದಾನಿಯೇಲ 9ನೇ ಅಧ್ಯಾಯ, 3ರಿಂದ 19ನೇ ವಚನ.

ಪ್ರಿಯರೇ, ಚಾಮರಾಜನಗರದ, ಗುಂಡ್ಲುಪೇಟೆಯ ಕಾಲೇಜು ಮಕ್ಕಳ ಮಧ್ಯೆ ಉಜ್ಜೀವನ ಬರಲಿ ಅಂತ ಎಷ್ಟೋ ಉಪವಾಸ ಪ್ರಾರ್ಥನೆ ಮಾಡಿದ್ದೇವೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡ್ತಾ ಇಲ್ಲ. ಇನ್ನೊಬ್ಬರು ಬದಲಾಗಲಿ ಅಂತ ಪ್ರಾರ್ಥಿಸೋಕೆ ನಮಗೆ ಏನು ಹಕ್ಕಿದೆ?

ಹೋದ ತಿಂಗಳು ಬೆಳಿಗ್ಗೆ ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ ಹತ್ತಿದೆ. ತೆರಕಣಾಂಬಿ ಬರುವಷ್ಟರಲ್ಲಿ ಕಾಲಿಡೋಕೂ ಜಾಗ ಇಲ್ಲ, ತುಂಬಾ ಕಾಲೇಜು ಮಕ್ಕಳೇ. ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಅವರಿಗಾಗಿ ಪ್ರಾರ್ಥಿಸ್ತಿದ್ದೆ. ಕಣ್ಣು ತೆರೆದಾಗ ಒಬ್ಬ ಹುಡುಗಿ ಭಾರದ ಬ್ಯಾಗ್ ಹೊತ್ತು, ರೆಕಾರ್ಡ್ ಪುಸ್ತಕ ಹಿಡಿದು, ಪಕ್ಕದಲ್ಲೇ ಓಲಾಡ್ತಾ ನಿಂತಿದ್ದಳು. "ಬ್ಯಾಗ್ ಕೊಡಮ್ಮ" ಅಂದೆ. "ಪರವಾಗಿಲ್ಲ ಅಣ್ಣ, ನಾನು ಇಳಿಯೋ ಸ್ಟಾಪ್ ಬಂತು" ಅಂದಳು. ಅಷ್ಟು ಹೊತ್ತು ಅವಳಿಗಾಗಿ ಪ್ರಾರ್ಥಿಸಿದ್ದೆ. ಅವಳನ್ನು ನೋಡೇ ಇರಲಿಲ್ಲ.

ದಾನಿಯೇಲನೂ ಒಂದು ಕಾಲದಲ್ಲಿ ವಿದ್ಯಾರ್ಥಿ. ಪರದೇಶದಲ್ಲಿ 3 ವರ್ಷದ ಶಿಕ್ಷಣಕ್ಕೆ ಹಾಕಲ್ಪಟ್ಟವನು. ಮುಂದೆ ಅವನ ವೈರಿಗಳಿಗೂ ಅವನಲ್ಲಿ ತಪ್ಪು ಹುಡುಕೋಕೆ ಆಗಲಿಲ್ಲ. ಅಂಥವನು ಜನರ ಪಾಪಕ್ಕಾಗಿ ಮೊರೆಯಿಡುವಾಗ "ಅವರು" ಅನ್ನಲಿಲ್ಲ, "ನಾವು" ಅಂದ. ನಮ್ಮ ಹಕ್ಕು ಅಲ್ಲಿದೆ. "ಅವರು" ಅಂದಾಗ ನ್ಯಾಯಾಧಿಪತಿಯ ಕುರ್ಚಿಯಲ್ಲಿ ಕೂತಿರ್ತೇವೆ. "ನಾವು" ಅಂದಾಗ ಅವರ ಪಕ್ಕದಲ್ಲೇ ಮೊಣಕಾಲೂರಿರ್ತೇವೆ.

ನನ್ನದನ್ನೇ ಹೇಳ್ತೀನಿ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಕ್ಕಳನ್ನು ಬಿಡಿಸು ಕರ್ತನೇ ಅಂತ ಜೋರಾಗಿ ಪ್ರಾರ್ಥಿಸಿದ್ದೇನೆ. ಡಿಪ್ಲೊಮಾ ಓದುವಾಗ ಗೆಳೆಯನ ಅಸೈನ್‌ಮೆಂಟ್ ನೋಡಿ ಬರೆದು ಅಂಕ ತಗೊಂಡವನು ನಾನೇ. ಈ ವರ್ಷ ಆ ಉಪಾಧ್ಯಾಯರಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಆಮೇಲೆ ಅದೇ ಪ್ರಾರ್ಥನೆ ಮಾಡುವಾಗ ನನ್ನ ಸ್ವರ ತಗ್ಗಿತ್ತು.

ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದಲ್ಲೇ. ಪುಣೆ ಹತ್ತಿರ ಕೇಡ್ಗಾಂವ್‌ನಲ್ಲಿರುವ ಅವರ ಮುಕ್ತಿ ಮಿಷನ್‌ಗೆ 1905ರಲ್ಲಿ ಉಜ್ಜೀವನ ಬಂತು. ಅಲ್ಲಿ ಬೆಂಕಿ ಇಳಿದ ಕಥೆಯನ್ನು ನಾವು ಖುಷಿಯಿಂದ ಹೇಳ್ತೇವೆ. ಆದರೆ ಅಲ್ಲಿನ ಹೆಣ್ಣುಮಕ್ಕಳು ಅತ್ತು ತಮ್ಮ ಪಾಪ ಅರಿಕೆ ಮಾಡಿದ್ದನ್ನು ಅಷ್ಟಾಗಿ ಹೇಳಲ್ಲ. ಆ ಪ್ರಾರ್ಥನೆ ನಡೆದದ್ದೂ ಎಲ್ಲಿ? ಬರಗಾಲದಲ್ಲಿ ಅನಾಥರಾದವರಿಗೆ ಅನ್ನ ಹಾಕಿ, ಓದು, ಕೆಲಸ ಕಲಿಸಿದ ಮನೆಯಲ್ಲಿ. ರಮಾಬಾಯಿಗೆ ಆ ಮಕ್ಕಳು ಗೊತ್ತಿದ್ದರು.

"ಬ್ರದರ್, ಹಾಗಾದ್ರೆ ನಾವು ಸರಿಹೋಗುವ ತನಕ ಬೇರೆಯವರಿಗಾಗಿ ಪ್ರಾರ್ಥಿಸಬಾರದಾ?" ಅಂತ ಕೇಳಬಹುದು. ಪ್ರಾರ್ಥಿಸಲೇಬೇಕು. ಜನರಿಗಾಗಿ ಪ್ರಾರ್ಥಿಸದೆ ಬಿಡುವುದನ್ನು ಸಮುವೇಲನು ಪಾಪ ಅಂತಲೇ ಎಣಿಸಿದ. ಆದರೆ ನಮ್ಮ ಯೇಸು ಬಾಗಿಲು ತಟ್ಟುವವನು. ತಟ್ಟುವವನ ಸೇವಕರು ಬಾಗಿಲು ಒದೆಯಬಾರದು.

ಈ ವಾರ ಒಬ್ಬ ವಿದ್ಯಾರ್ಥಿಯ ಹೆಸರು ತಿಳ್ಕೊಳ್ಳಿ. ಅವನ ಬಸ್ ಎಷ್ಟೊತ್ತಿಗೆ, ಫೀಸ್ ಕಟ್ಟಿದ್ದಾನಾ, ಮಧ್ಯಾಹ್ನ ಊಟ ಮಾಡಿದ್ದಾನಾ ಕೇಳಿ. "ನಿನಗಾಗಿ ಪ್ರಾರ್ಥಿಸಲಾ?" ಅಂತ ಅವನನ್ನೇ ಕೇಳಿ. ಬೇಡ ಅಂದರೆ ಬಲವಂತ ಮಾಡಬೇಡಿ, ಸ್ನೇಹವನ್ನೂ ಬಿಡಬೇಡಿ.

ತಲೆಬಾಗಿಸಿ ಪ್ರಾರ್ಥಿಸೋಣ. ಕರ್ತನೇ, ನಮ್ಮ ಕಾಲೇಜುಗಳನ್ನು ಸಂಧಿಸು. ನಮ್ಮಿಂದಲೇ ಶುರು ಮಾಡು. ಕಣ್ಣು ಮುಚ್ಚಿ ಬೇಡುವ ನಮಗೆ, ಕಣ್ಣು ತೆರೆದು ನೋಡುವುದನ್ನೂ ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.