ಹೊಂಡದ ಮೇಲಣ ಹಸುರು

ಬಾಗಳಿಯಂಥ ಮಳೆ ಕಡಿಮೆಯಾದ ಸೀಮೆಯಲ್ಲಿ ಹಿತ್ತಲ ಹೊಂಡದ ನೀರು ಎಷ್ಟು ಅಮೂಲ್ಯವೆಂದು ಬಲ್ಲಿರಷ್ಟೆ. ಅಂತರಗಂಗೆ ಹಬ್ಬಿದರೆ ಮೇಲೆ ಹಸುರೇ ಹಸುರು. ಕೆಳಗೆ ಬೆಳಕೂ ಗಾಳಿಯೂ ಇಳಿಯದೆ ಮೀನು ಸಾಯುವದು. ನೀಲಿ ಹೂವಿನ ಈ ಕಳೆಯನ್ನು 19ನೆಯ ಶತಮಾನದ ಕೊನೆಯಲ್ಲಿ ಅಂದಕ್ಕಾಗಿಯೇ ನಮ್ಮ ದೇಶಕ್ಕೆ ತಂದರು. ಹಗೆಯೂ ಮೊದಲು ನ್ಯಾಯದ ಹೂವನ್ನು ತೋರಿಸಿಯೇ ಮನಸ್ಸಿಗೆ ಬರುವದು.

ಎಲೆ ಕೊಯ್ದರೆ ಸಾಲದು. ಬೇರುಸಹಿತ ಎತ್ತಿ ದಡದಿಂದ ದೂರ ಹಾಕಬೇಕು. ಅಂಚಿನಲ್ಲಿ ಬಿಟ್ಟದ್ದು ಮೊದಲ ಮಳೆಗೇ ತಿರಿಗಿ ನೀರಿಗಿಳಿಯುವದು. ಬೀಜವಾದರೋ ಕೆಸರಿನಲ್ಲಿ 15, 20 ವರುಷ ಜೀವದಿಂದಿರುವದು. ಆದಕಾರಣ, ನೆರೆಯವನ ಮೇಲಣ ಹಗೆಯನ್ನು ಮೇಲೆ ಮೇಲೆ ಕೊಯ್ದು ಕರ್ತನ ಪಂಕ್ತಿಗೆ ಬರುವವರೇ, ಒಮ್ಮೆ ಅರಿಕೆಮಾಡಿ ಸುಮ್ಮನಾಗಬೇಡಿರಿ, ದಿನದಿನವೂ ಹೊಂಡಕ್ಕಿಳಿಯಿರಿ. ಕಿತ್ತ ಕಳೆಯು ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುವಂತೆ, ಬಿಟ್ಟ ಹಗೆಯ ದುಃಖವನ್ನೂ ಕರ್ತನು ಫಲಕ್ಕೆ ತಿರುಗಿಸುವನು. ಆಮೆನ್.