ಕೇಳಿ ಪಡೆದ ಹಣ

ಮೊನ್ನೆ ಕೊನೆಯ ಪಿರಿಯಡ್ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ಬಂದು ನಿಂತಳು. ಚೀಲದ ಪಟ್ಟಿಯನ್ನು ತಿರುಚುತ್ತ ಮೆಲ್ಲಗೆ ಕೇಳಿದಳು: "ಮಿಸ್, ಅಮ್ಮ ನಮ್ಮ ದುಡ್ಡು ತಗೊಂಡ್ರೆ ಅದನ್ನ ಕಳ್ಳತನ ಅನ್ನಬಹುದಾ?"

ಈ ಹುಡುಗಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಪಕ್ಕದ ಮನೆಯ ಅಕ್ಕನಿಂದ ಕಲಿತ ಕೆಲಸ. ಬೇಸಿಗೆ ರಜೆಯಲ್ಲಿ ಶುರು ಮಾಡಿ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಹನ್ನೆರಡು ಸೀರೆ ಮುಗಿಸಿದ್ದಳು. ಸಾದಾ ಕುಚ್ಚಿಗೆ 150 ರೂಪಾಯಿ. ದಾರ, ಮಣಿಗಳ ಖರ್ಚು ಕಳೆದು ಕೈಯಲ್ಲಿ 1,500 ಉಳಿದಿತ್ತು. ಡಿಸೆಂಬರಿನ ಶಾಲಾ ಪ್ರವಾಸಕ್ಕೆಂದು ಅದನ್ನು ಮಣ್ಣಿನ ಹುಂಡಿಯಲ್ಲಿ ಹಾಕಿಟ್ಟಿದ್ದಳು. ಒಂದು ಸಂಜೆ ಮನೆಗೆ ಹೋಗಿ ನೋಡಿದರೆ ಹುಂಡಿ ಒಡೆದಿತ್ತು. ಅಣ್ಣನ ಕಾಲೇಜಿನ ಫೀಜು ಕಟ್ಟಲು ಅಂದೇ ಕೊನೆಯ ದಿನವಂತೆ. ಆ ಅಣ್ಣನೂ ಭಾನುವಾರ ಮದುವೆ ಛತ್ರಗಳಲ್ಲಿ ಬಡಿಸಲು ಹೋಗಿ ಸಂಪಾದಿಸುತ್ತಾನೆ. ಅವನ ದುಡ್ಡು ಮಾತ್ರ ಅವನ ಜೇಬಿನಲ್ಲೇ ಇತ್ತು.

"ಮನೆಗೆ ತಾನೇ ಕಣಮ್ಮ, ಬೇರೆ ಯಾರಿಗೆ?" ಎನ್ನಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ಅದು ನನ್ನ ಮಾತಾಗಿರಲಿಲ್ಲ. 1986ರಲ್ಲಿ ನನ್ನಮ್ಮ ನನಗೆ ಹೇಳಿದ ಮಾತು.

ಆಗ ನಾವು ತಿಪಟೂರಿನಲ್ಲಿದ್ದೆವು. ನಾನು ಪಿಯುಸಿ ಓದುತ್ತಿದ್ದೆ. ಬೀದಿಯ ಇಬ್ಬರು ಮಕ್ಕಳಿಗೆ ಮನೆಪಾಠ ಹೇಳಿ ತಲಾ ಹತ್ತು ರೂಪಾಯಿ ಪಡೆಯುತ್ತಿದ್ದೆ. ಅಣ್ಣ ರಜೆಯಲ್ಲಿ ತೆಂಗಿನ ಗರಿ ಸೀಳಿ, ಪೊರಕೆ ಕಟ್ಟಿ ಸಂತೆಯಲ್ಲಿ ಮಾರುತ್ತಿದ್ದ. ಅವನ ಕಾಸು ಸಿನಿಮಾಕ್ಕೆ, ಮಸಾಲೆ ದೋಸೆಗೆ ಹೋಗುತ್ತಿತ್ತು. ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ನಾನು ಕೈಗಡಿಯಾರದ ಆಸೆಯಿಂದ ಹತ್ತು ತಿಂಗಳಲ್ಲಿ 200 ರೂಪಾಯಿ ಕೂಡಿಸಿ ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟಿದ್ದೆ. ಒಂದು ದಿನ ಬಾಟಲಿ ಖಾಲಿಯಾಗಿತ್ತು. ಅಪ್ಪನ ಸಂಬಳ ಆ ತಿಂಗಳು ತಡವಾಗಿತ್ತು. ಮನೆಗೆ ಅಕ್ಕಿ ಬಂದಿತ್ತು. ಆ ಅನ್ನವನ್ನು ನಾನೂ ಉಂಡಿದ್ದೆ. ಇನ್ನು ಜಗಳವಾಡುವುದು ಹೇಗೆ?

ಹನಿ ಹನಿ ಗೂಡಿದರೆ ಹಳ್ಳ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಹಳ್ಳದ ನೀರು ಯಾರದು ಎಂದು ಹೇಳಿಕೊಡುವುದಿಲ್ಲ. ಹೆತ್ತು ಸಾಕಿದವರು ಮಕ್ಕಳಿಗೆ ಊಟದ ಬಿಲ್ಲು ಕೊಡುವುದಿಲ್ಲ. ಆದ್ದರಿಂದ ಮಕ್ಕಳ ಕಾಸಿನ ಮೇಲೆ ಮನೆಗೆ ಹಕ್ಕಿಲ್ಲ ಎಂದು ಖಡಾಖಂಡಿತವಾಗಿ ಹೇಳಲಾರೆ. ಆದರೆ ಆ ಹಕ್ಕು ಹೆಣ್ಣುಮಕ್ಕಳ ಹುಂಡಿಯ ಮೇಲೆ ಮಾತ್ರ ಏಕೆ ನೆನಪಾಗುತ್ತದೆ? ಮಗನದು ಕೈಖರ್ಚು, ಮಗಳದು ಮನೆಯ ಆಪದ್ಧನ ಎಂದು ಯಾರು ತೀರ್ಮಾನಿಸಿದರು?

ಮಕ್ಕಳು ದುಡಿಯಲೇಬೇಕೆಂದು ನಾನು ಹೇಳುತ್ತಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು 2016ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಶಾಲೆಯ ವೇಳೆಯ ನಂತರ ಮನೆಯವರ ಕಸುಬಿಗೆ ನೆರವಾಗುವುದಕ್ಕೆ ಅವಕಾಶವಿದೆ. ದೊಡ್ಡ ಮಕ್ಕಳಿಗೂ ಓದು, ನಿದ್ದೆ ಕೆಡುವಂಥ ಸಂಪಾದನೆ ಬೇಡ. ರಜೆಯಲ್ಲಿ ನಾಲ್ಕು ಸೀರೆಗೆ ಕುಚ್ಚು ಕಟ್ಟುವುದು, ಹೂವು ಕಟ್ಟಿ ಕೊಡುವುದು, ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಇಷ್ಟು ಸಾಕು. ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ತನ್ನದೇ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಬಹುದು. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರು ಕಂಡ ಹುಡುಗಿಯ ಮುಖ ನೋಡಿದವರಿಗೆ ಅದರ ಬೆಲೆ ಗೊತ್ತು.

ಆ ಭಾನುವಾರ ಅಮ್ಮನ ಬಳಿ ಕುಳಿತು ಆ ಬಾಟಲಿಯ ವಿಷಯ ತೆಗೆದೆ. ಅಮ್ಮನಿಗೀಗ ಎಂಬತ್ತು. ಮರೆತಿರಬಹುದು ಎಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಕೇಳಿದ್ರೆ ನೀನು ಕೊಡ್ತಿದ್ದೆ ಅಂತ ನಂಗೊತ್ತಿತ್ತು ಕಣೆ. ಮಗಳ ಮುಂದೆ ಕೈಯೊಡ್ಡೋಕೆ ನಾಚಿಕೆ ಆಯ್ತು. ಅದಕ್ಕೇ ಕೇಳಲಿಲ್ಲ" ಅಂದಳು.

ಇಷ್ಟು ವರ್ಷ ಅದನ್ನು ಅಮ್ಮನ ದರ್ಪ ಎಂದುಕೊಂಡಿದ್ದೆನಲ್ಲ! ನಾಚಿಕೆ ಎಂದು ಹೊಳೆದೇ ಇರಲಿಲ್ಲ. ಅವಳು ಕೇಳಿದ್ದರೆ ಗಡಿಯಾರದ ಆಸೆ ಆಗಲೂ ಮಣ್ಣಾಗುತ್ತಿತ್ತು, ನಿಜ. ಆದರೆ ಆ ತಿಂಗಳು ಮನೆಗೆ ಅಕ್ಕಿ ತಂದವಳು ನಾನು ಎಂಬ ಹೆಮ್ಮೆ ನನ್ನದಾಗುತ್ತಿತ್ತು. ಕೇಳದೆ ತೆಗೆದುಕೊಂಡಾಗ ಮಗು ಕಳೆದುಕೊಳ್ಳುವುದು ಕೊಡುವ ಆ ಸುಖವನ್ನು.

ಮರುದಿನ ಹುಡುಗಿಗೆ ಹೇಳಿದೆ: "ಅದು ಕಳ್ಳತನ ಅಲ್ಲ ಮಗು. ಆದ್ರೆ ತಪ್ಪು. ಅಮ್ಮನ ಹತ್ರ ನಾನು ಮಾತಾಡ್ತೀನಿ." ಶಾಲೆಗೆ ಬಂದ ಆ ತಾಯಿಗೆ ಉಪದೇಶ ಮಾಡಲಿಲ್ಲ, ನನ್ನ ಬಾಟಲಿಯ ಕಥೆ ಹೇಳಿದೆ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಮಗನಿಗೂ ಅರ್ಧ ಕೊಡೋಕೆ ಹೇಳ್ತೀನಿ ಮಿಸ್. ಮಿಕ್ಕಿದ್ದು ಸಾಲ ಅಂತ ಬರೆದಿಟ್ಕೊಳ್ಳಲಿ" ಅಂದರು.

ಪ್ರವಾಸದ ಪಟ್ಟಿಯಲ್ಲಿ ಅವಳ ಹೆಸರನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೇನೆ.